ಘಟಪ್ರಭೆಯ ದಂಡೆಗೆ ಒಂದು ರಕ್ತಪಿಶಾಚಿ

(ದತ್ತಿ ಉಪನ್ಯಾಸ)



ದತ್ತಿ ಉಪನ್ಯಾಸವೆಂದರೆ ವಚನ, ಜನಪದ, ಏಕೀಕರಣ ಈ ಮೂರರೊಳಗೆ ಒಂದು ಎಂಬ ರೂಢಿ ನಮ್ಮಲ್ಲಿ ಬಿದ್ದುಹೋಗಿದೆ. ರಕ್ತ ಕುಡಿಯುವ ದೆವ್ವದ ಕಾದಂಬರಿಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆಗಲಿ ಸರ್, ಹುಡುಗ್ರರೆ ಕುಂತು ಕೇಳತಾರ" ಎಂದರು. ಈಗ ನೋಡಿದರೆ ದೊಡ್ಡವರೇ ಮುಂದಿನ ಸಾಲಿನಲ್ಲಿ ಕುಳಿತಿದ್ದೀರಿ. ಸಂತೋಷ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ರಕ್ತಪಿಶಾಚಿಯ ಕಾದಂಬರಿ ಬರೆಯಲು ಬೇಕಾದವನು ಕಟ್ಟಾ ವಾಸ್ತವವಾದಿ. ಅಂಥ ಕಾದಂಬರಿಯಲ್ಲಿ ಸುಳ್ಳು ಒಂದೇ ಒಂದು ಇರಬೇಕು, ಅದು ಆ ಪಿಶಾಚಿ. ಉಳಿದದ್ದೆಲ್ಲ ಪಂಚರ ಮುಂದೆ ಪ್ರಮಾಣ ಮಾಡಿ ಹೇಳಿದಷ್ಟು ಖರೆ ಇರಬೇಕು: ಊರು, ಬೀದಿ, ರೈಲಿನ ವೇಳೆ, ಹೊಲದ ಸರ್ವೆ ನಂಬರು, ಡಾಕ್ಟರರ ಚೀಟಿ. ನಮ್ಮಲ್ಲಿ ದೆವ್ವದ ಕತೆಗಳಿಗೆ ಬರವಿಲ್ಲ. ಆದರೆ ನಾನು ಓದಿದ ಹೆಚ್ಚಿನವುಗಳಲ್ಲಿ ದೆವ್ವ ಮಾತ್ರ ಖರೆ ಇರುತ್ತದೆ, ಊರು ಸುಳ್ಳಿರುತ್ತದೆ. "ಒಂದಾನೊಂದು ಕಾಡಿನ ಅಂಚಿನ ಬಂಗಲೆ" ಎಂದು ಶುರುವಾದ ಮೇಲೆ ಹೆದರುವವರು ಯಾರು? ಆ ಬಂಗಲೆಗೆ ಮನೆಪಟ್ಟಿ ಕಟ್ಟುವವನು ಯಾರೆಂದು ಲೇಖಕನಿಗೇ ತಿಳಿದಿರುವುದಿಲ್ಲ.

ಬ್ರಾಮ್ ಸ್ಟೋಕರನ 'ಡ್ರಾಕುಲಾ' ಅಚ್ಚಾದದ್ದು 1897ರ ಮೇ ತಿಂಗಳಲ್ಲಿ. ಸ್ಟೋಕರ್ ಡಬ್ಲಿನ್ನಿನಲ್ಲಿ ಹುಟ್ಟಿದವನು, ಲಂಡನ್ನಿನ ಲೈಸಿಯಂ ನಾಟಕಶಾಲೆಯ ವ್ಯವಸ್ಥಾಪಕನಾಗಿದ್ದವನು. ಕತೆಯ ಮೊದಲ ಭಾಗ ನಡೆಯುವ ಟ್ರಾನ್ಸಿಲ್ವೇನಿಯಾಕ್ಕೆ ಅವನು ಒಮ್ಮೆಯೂ ಹೋಗಿರಲಿಲ್ಲ. ಪುಸ್ತಕ, ನಕಾಶೆ, ವೇಳಾಪಟ್ಟಿಗಳನ್ನು ಮುಂದಿಟ್ಟುಕೊಂಡು ಬರೆದ. ಸಿನಿಮಾ ನೋಡಿದವರ ತಲೆಯಲ್ಲಿ ಡ್ರಾಕುಲಾ ಎಂದರೆ ಕೋಟೆ, ಮೋಂಬತ್ತಿ, ಕರಿ ನಿಲುವಂಗಿ. ಪುಸ್ತಕ ತೆರೆದವರಿಗೆ ಸಿಗುವುದು ಬೇರೆ. ಕೋಟೆಗೆ ಹೋಗುವ ಜೊನಾಥನ್ ಹಾರ್ಕರ್ ಒಬ್ಬ ಹೊಸ ವಕೀಲ. ಆಸ್ತಿ ಖರೀದಿಯ ಕಾಗದ ಮುಗಿಸಿಕೊಂಡು ಬರಲು ಅವನನ್ನು ಕಳಿಸಿದ್ದಾರೆ. ಲಂಡನ್ನಿನ ಹತ್ತಿರ ಪರ್‌ಫ್ಲೀಟ್‌ನಲ್ಲಿ ಸುಮಾರು 20 ಎಕರೆ ಜಾಗ, ಒಳಗೊಂದು ಹಳೆಯ ಮನೆ, ಮಗ್ಗುಲಿಗೆ ಹುಚ್ಚರ ಆಸ್ಪತ್ರೆ. ಜಾಗದ ಫೋಟೊಗಳನ್ನು ಕೊಡಾಕ್ ಕ್ಯಾಮೆರಾದಲ್ಲಿ ತೆಗೆದಿಟ್ಟಿದ್ದಾನೆ. ಒಂದು ಸಂಜೆ ಹಾರ್ಕರ್ ಕೋಣೆಯೊಳಗೆ ಬಂದಾಗ ಕೌಂಟ್ ಡ್ರಾಕುಲಾ ಸೋಫಾದ ಮೇಲೆ ಒರಗಿ ಏನು ಓದುತ್ತಿದ್ದಾನೆ ಹೇಳಿ? ಇಂಗ್ಲೆಂಡಿನ ರೈಲ್ವೆ ಟೈಮ್‌ಟೇಬಲ್ಲು. ಆ ಒಂದು ವಿವರಕ್ಕೆ ನಾನು ಸ್ಟೋಕರನಿಗೆ ಕೈ ಮುಗಿಯುತ್ತೇನೆ. ಲಂಡನ್ನಿಗೆ ಹೊರಟ ಪಿಶಾಚಿ ಮೊದಲು ಗಾಡಿ ಎಷ್ಟು ಹೊತ್ತಿಗೆ ಎಂದು ನೋಡಿಕೊಳ್ಳುತ್ತದೆ!

ಮುಂದೆ 50 ಪೆಟ್ಟಿಗೆ ಮಣ್ಣು ಹಡಗೇರಿ ವ್ಹಿಟ್ಬಿ ಬಂದರಿಗೆ ಬರುತ್ತದೆ, ಅಲ್ಲಿಂದ ರೈಲಿನಲ್ಲಿ ಲಂಡನ್ನಿಗೆ. ಯಾವ ಪೆಟ್ಟಿಗೆ ಎಲ್ಲಿ ಇಳಿಯಿತು ಎಂದು ಪತ್ತೆ ಹಚ್ಚುವಾಗ ಹಾರ್ಕರ್ ಮಂತ್ರವಾದಿಯ ಹತ್ತಿರ ಹೋಗುವುದಿಲ್ಲ. ಸಾಗಣೆ ಕಂಪನಿಯ ಕಾಗದ ನೋಡುತ್ತಾನೆ, ಹಮಾಲರ ಕೈಬೆಚ್ಚಗೆ ಮಾಡಿ ಬಾಯಿ ಬಿಡಿಸುತ್ತಾನೆ. ಡಾಕ್ಟರ್ ಸೆವರ್ಡ್ ತನ್ನ ದಿನಚರಿಯನ್ನು ಫೋನೋಗ್ರಾಫಿಗೆ ಹೇಳುತ್ತಾನೆ. ಮೀನಾ ಎಂಬ ಹೆಣ್ಣುಮಗಳು ಅದನ್ನೆಲ್ಲ ಟೈಪು ಮಾಡಿ ತಾರೀಖಿನ ಪ್ರಕಾರ ಜೋಡಿಸುತ್ತಾಳೆ. ದಿನಚರಿ, ಪತ್ರ, ತಂತಿ, ಪತ್ರಿಕೆಯ ತುಣುಕು ಎಲ್ಲ ಸೇರಿ ಇಡೀ ಕಾದಂಬರಿ ಒಂದು ಕೋರ್ಟಿನ ಫೈಲಿನಂತೆ ನಮ್ಮ ಕೈಗೆ ಬರುತ್ತದೆ. ಟೈಪ್‌ರೈಟರು, ಫೋನೋಗ್ರಾಫು ಅಂದಿನ ಓದುಗನಿಗೆ ಹೊಸ ವಸ್ತುಗಳು. ನಮಗೆ ಹಳೆಯ ಕಾಲದ ಕತೆಯಾಗಿ ಕಾಣುವುದು ಅಂದು ಇವತ್ತಿನ ಕತೆಯಾಗಿತ್ತು. ಅದರಲ್ಲಿ ಲೂಸಿ ಎಂಬ ಹುಡುಗಿಗೆ ನಾಲ್ವರು ಗಂಡಸರ ರಕ್ತವನ್ನು ಒಬ್ಬರಾದ ಮೇಲೊಬ್ಬರದು ಕೊಡುತ್ತಾರೆ. ಗುಂಪು ನೋಡುವ ಮಾತೇ ಇಲ್ಲ, ಏಕೆಂದರೆ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಪ್ರಕಟಿಸಿದ್ದು 1901ರಲ್ಲಿ. ಈಗಿನ ಎಂಬಿಬಿಎಸ್ ಹುಡುಗ ಓದಿದರೆ, ಆಕೆಯನ್ನು ಕೊಂದದ್ದು ಡ್ರಾಕುಲಾನೋ ಡಾಕ್ಟರರೋ ಎಂದು ಕೇಳಿಯಾನು. ಇನ್ನೊಂದು ಮಾತು. ಬಿಸಿಲು ತಾಗಿದರೆ ಪಿಶಾಚಿ ಸಾಯುತ್ತದೆ ಎಂಬುದು 1922ರ ಜರ್ಮನ್ ಮೂಕಿ ಚಿತ್ರ 'ನೊಸ್ಫೆರಾಟು' ಕೊಟ್ಟ ಸೇರ್ಪಡೆ. ಸ್ಟೋಕರನ ಕೌಂಟ್ ಹಾಡಹಗಲೇ ಪಿಕಡಿಲಿಯಲ್ಲಿ ತಿರುಗಾಡುತ್ತಾನೆ. ಇದನ್ನು ನೆನಪಿಡಿ, ಮುಂದೆ ನಮಗೆ ಬೇಕಾಗುತ್ತದೆ.

ಆಮೇಲೆ ಬಂದ ಒಳ್ಳೆಯ ಪುಸ್ತಕಗಳೆಲ್ಲ ಇದೇ ಹಾದಿ ಹಿಡಿದವು. ಸ್ಟೀಫನ್ ಕಿಂಗ್ 1975ರಲ್ಲಿ ಬರೆದ 'ಸೇಲಂಸ್ ಲಾಟ್' ಅಮೆರಿಕದ ಮೇನ್ ರಾಜ್ಯದ ಒಂದು ಸಣ್ಣ ಊರಿನ ಕತೆ. ಗುಡ್ಡದ ಮೇಲಿನ ಪಾಳು ಮನೆಯನ್ನು ಪರಸ್ಥಳದವರು ಕೊಳ್ಳುತ್ತಾರೆ, ಪೇಟೆಯಲ್ಲಿ ಹಳೆಯ ಪೀಠೋಪಕರಣದ ಅಂಗಡಿ ಇಡುತ್ತಾರೆ. ಊರಿನ ಆಸ್ತಿ ದಲ್ಲಾಳಿ ಲಾಭ ಕಂಡು ಹೆಚ್ಚು ಕೇಳದೆ ಕಾಗದ ಮಾಡಿಕೊಡುತ್ತಾನೆ. ಸ್ವೀಡನ್ನಿನ ಯೋನ್ ಐವಿಡೆ ಲಿಂಡ್‌ಕ್ವಿಸ್ಟ್ 2004ರಲ್ಲಿ ಬರೆದ ಕಾದಂಬರಿ, ಇಂಗ್ಲಿಷಿನಲ್ಲಿ 'ಲೆಟ್ ದ ರೈಟ್ ಒನ್ ಇನ್', ನಡೆಯುವುದು 1981ರಲ್ಲಿ, ಸ್ಟಾಕ್‌ಹೋಮಿನ ಹೊರವಲಯದ ಒಂದು ಬಡಾವಣೆಯಲ್ಲಿ. ಲೇಖಕ ಬೆಳೆದದ್ದೂ ಅಲ್ಲಿಯೇ. ಕುಡುಕ ಗಂಡಸರು, ಸಾಲು ಮನೆಗಳು, ಶಾಲೆಯಲ್ಲಿ ದಿನಾ ಹೊಡೆತ ತಿನ್ನುವ 12 ವರ್ಷದ ಹುಡುಗ. ಪಕ್ಕದ ಮನೆಗೆ ಬಂದ ಮಗು ರಕ್ತ ಕುಡಿಯುತ್ತದೆ ಎನ್ನುವುದಕ್ಕಿಂತ ಆ ಹುಡುಗನ ಒಂಟಿತನವೇ ಓದುಗನನ್ನು ಹೆಚ್ಚು ಕಾಡುತ್ತದೆ. ಗಮನಿಸಿದಿರಾ? ಮೂರರಲ್ಲೂ ಪಿಶಾಚಿ ಊರೊಳಗೆ ಕಾಲಿಡುವುದು ಮನೆ ಹಿಡಿಯುವ ನೆವದಿಂದ. ಗಾಳಿಯಂತೆ ತೂರಿ ಬರುವುದಿಲ್ಲ, ಬಾಗಿಲಿನಿಂದ ಬರುತ್ತದೆ, ಕೈಯಲ್ಲಿ ಕಾಗದ ಹಿಡಿದುಕೊಂಡು.

ಕನ್ನಡಕ್ಕೆ ಬರೋಣ. ಗೋಕಾಕದಿಂದ ಘಟಪ್ರಭೆಯ ಗುಂಟ ಕೆಳಗಿಳಿದರೆ ಮುಧೋಳ. ಅಲ್ಲಿಯ ರನ್ನ ಸಾವಿರ ವರ್ಷದ ಹಿಂದೆ 'ಗದಾಯುದ್ಧ'ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿದ. ಆ ರಣದಲ್ಲಿ ಮರುಳುಗಳಿವೆ, ಅವು ಅರಸನನ್ನೂ ಅಣಕಿಸಲು ಅಂಜುವುದಿಲ್ಲ. ನೆತ್ತರಿನ ಭಯವೂ ಅಧಿಕಾರದ ಪತನವೂ ಒಂದೇ ದೃಶ್ಯದಲ್ಲಿ ಕೂಡುವುದನ್ನು ರನ್ನನಿಗಿಂತ ಚೆನ್ನಾಗಿ ಮಾಡಿದವರು ನನಗೆ ಕಂಡಿಲ್ಲ. 'ಚಂದಮಾಮ'ದ ಬೇತಾಳ ಬೇರೆ ಜಾತಿಯದು, ಅದು ರಕ್ತ ಕೇಳುವುದಿಲ್ಲ, ಉತ್ತರ ಕೇಳುತ್ತದೆ. ಎಂಬತ್ತರ ದಶಕದಲ್ಲಿ ನಮ್ಮ ವಾಚನಾಲಯಗಳಲ್ಲಿ ರಟ್ಟು ಕಿತ್ತುಹೋಗುವಷ್ಟು ಓಡಿದ 'ತುಳಸಿದಳ' ತೆಲುಗಿನ ಯಂಡಮೂರಿ ವೀರೇಂದ್ರನಾಥರದು, 1985ರಲ್ಲಿ ಕನ್ನಡದಲ್ಲಿ ಸಿನಿಮಾ ಕೂಡ ಆಯಿತು. ವಿಮರ್ಶಕರು ಅದನ್ನು ಮೂಗು ಮುರಿದು ಬದಿಗಿಟ್ಟರು. ಆದರೆ ಅದರೊಳಗಿನ ಮಾಟಕ್ಕೆ ಜನ ಹೆದರಿದ್ದು ಪಕ್ಕದಲ್ಲೇ ಡಾಕ್ಟರರು, ಸಮ್ಮೋಹನದ ತಜ್ಞರು, ಹಣದ ಮೇಲಿನ ಆಸೆ, ನೌಕರಿಯ ಮಧ್ಯಮವರ್ಗದ ಮನೆ ಇದ್ದದ್ದರಿಂದ. ಇದು ರೋಗವೋ ಮಾಟವೋ ಎಂಬ ಜಗ್ಗಾಟ ಕೊನೆಯವರೆಗೂ ಓದುಗನನ್ನು ಹಿಡಿದಿಡುತ್ತದೆ. ಅಷ್ಟರ ಮಟ್ಟಿಗೆ ಯಂಡಮೂರಿ ಸ್ಟೋಕರನ ಶಿಷ್ಯ.

ಇನ್ನು 'ನಾಳೆ ಬಾ'. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಿಂದ ಎದ್ದ ಸುದ್ದಿ ಹಳ್ಳಿ ಹಳ್ಳಿಗೂ ಹಬ್ಬಿತು. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ. ಅದಕ್ಕೆ ಬಾಗಿಲ ಮೇಲೆ ಸುಣ್ಣದಿಂದಲೋ ಇದ್ದಿಲಿನಿಂದಲೋ 'ನಾಳೆ ಬಾ' ಎಂದು ಬರೆದರು. ಓದು ಬಲ್ಲ ದೆವ್ವ ಓದಿಕೊಂಡು ತಿರುಗಿ ಹೋಗುತ್ತದೆ, ಮರುದಿನವೂ ಅದನ್ನೇ ಓದುತ್ತದೆ. ಇದನ್ನು ನೆನೆದು ನಗುವವರಿದ್ದಾರೆ. ನನಗೆ ಇದು ಕನ್ನಡದ ಜನ ತಾವೇ ಕಟ್ಟಿಕೊಂಡ ಅತ್ಯುತ್ತಮ ಆಧುನಿಕ ದೆವ್ವದ ಕತೆ. ಯುರೋಪಿನ ರಕ್ತಪಿಶಾಚಿಗೂ ಇದೇ ಕಟ್ಟು: ಮನೆಯವರು ಬಾ ಎಂದು ಕರೆಯದೆ ಹೊಸ್ತಿಲು ದಾಟುವಂತಿಲ್ಲ. ಅವರು ಬಾ ಎನ್ನದೆ ಬಚಾವಾದರು, ನಾವು ಬಾ ಎಂದೇ ಬಚಾವಾದೆವು, ಆದರೆ ನಾಳೆ! ಸಾಲ ಕೊಟ್ಟವನಿಗೆ ನಾವು ಹೇಳುವುದೂ, ಕಚೇರಿಯಲ್ಲಿ ನಮಗೆ ಹೇಳುವುದೂ ಅದೇ ಎರಡು ಪದ. ನಮ್ಮ ಭಾಗದ ಕಾದಂಬರಿಕಾರನಿಗೆ ಇಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ಯಾರೇ ಬಾಗಿಲಿಗೆ ಬಂದರೂ "ಬರ್ರಿ, ಒಳಗ ಬರ್ರಿ, ಚಾ ಕುಡದ ಹೋಗ್ರಿ" ಎಂದು ಕರೆಯುವುದು ಹುಟ್ಟುಗುಣ. ಇಂಥ ಊರಿನಲ್ಲಿ ಪಿಶಾಚಿಗೆ ಒಂದು ರಾತ್ರಿಯೂ ಹೊರಗೆ ಕಾಯುವ ಪ್ರಸಂಗ ಬರುವುದಿಲ್ಲ.

ಈಗ ನನ್ನ ಮಾತಿನ ನಡುಮನೆಗೆ ಬರುತ್ತೇನೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿ, ಗೋಕಾಕದಲ್ಲಿ ಓದಿ, ಜ್ಞಾನಪೀಠದವರೆಗೆ ಹೋದ ಚಂದ್ರಶೇಖರ ಕಂಬಾರರ 'ಸಿಂಗಾರೆವ್ವ ಮತ್ತು ಅರಮನೆ' ಬಂದದ್ದು 1982ರಲ್ಲಿ. ಅದನ್ನು ಯಾರೂ ದೆವ್ವದ ಕಾದಂಬರಿ ಎನ್ನುವುದಿಲ್ಲ, ಎನ್ನಬೇಕಾಗಿಯೂ ಇಲ್ಲ. ಆದರೂ ಒಮ್ಮೆ ಆ ಕಣ್ಣಿನಿಂದ ಓದಿ ನೋಡಿ. ಕುಸಿಯುತ್ತಿರುವ ಅರಮನೆ, ವಂಶ ಬೆಳೆಸಲಾರದ ದೇಸಾಯಿ, ಆಸ್ತಿಯ ಆಸೆಗೆ ಮಗಳನ್ನು ಕೊಟ್ಟ ತಂದೆ, ಒಳಗೆ ಹೋದ ಹೆಣ್ಣು, ಅವಳ ಕತೆಯನ್ನು ಹೇಳಲು ಉಳಿದ ಸೇವಕಿ ಶೀನಿಂಗವ್ವ. ಯುರೋಪಿನವರು ಕೋಟೆ ಕಟ್ಟಿ ಹುಡುಕಿದ ಭಯವೆಲ್ಲ ಇಲ್ಲಿ ದೇಸಗತಿಯ ವಾಡೆಯಲ್ಲೇ ಇದೆ, ಅದೂ ಹಲ್ಲು ಚೂಪಾದ ಒಬ್ಬನೂ ಇಲ್ಲದೆ. ಆ ಮನೆಯಲ್ಲಿ ಮನುಷ್ಯರ ಜೀವ ಹೀರುವುದು ಮನೆಯೇ. ಕಂಬಾರರ 'ಕರಿಮಾಯಿ' ಇದಕ್ಕೆ ಇನ್ನೊಂದು ಮಗ್ಗುಲು: ಅಲ್ಲಿ ಊರಿಗೆ ಹೊಸ ಕಾಲ ನುಗ್ಗುತ್ತದೆ, ಊರದೇವತೆ ಅದನ್ನು ಎದುರಿಸಬೇಕಾಗುತ್ತದೆ.

ಗೋಕಾಕ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರದು ಇದಕ್ಕೆ ವಿರುದ್ಧ ದಾರಿ. 'ಖಾನಾವಳಿಯ ನೀಲಾ', 'ನಾನೂ ಪೋಲೀಸನಾಗಿದ್ದೆ', 'ಜರತಾರಿ ಜಗದ್ಗುರು' ಎಂಬ ಹೆಸರುಗಳನ್ನು ಕೇಳಿದರೇ ಸಾಕು, ಈ ಮನುಷ್ಯ ಎಲ್ಲೆಲ್ಲಿ ಒಳಹೊಕ್ಕು ಬಂದಿದ್ದಾರೆ ಎಂದು ತಿಳಿಯುತ್ತದೆ. ಅವರಿಗೆ ದೆವ್ವದ ಗೊಡವೆ ಇರಲಿಲ್ಲ. ಆದರೆ ಖಾನಾವಳಿ, ಠಾಣೆ, ಮಠ ಎಲ್ಲ ಒಳಗಿನಿಂದ ಹೇಗಿರುತ್ತವೆ ಎಂದು ಬರೆಯುವ ಧೈರ್ಯ ಇತ್ತು. ಕಂಬಾರರ ವಾಡೆಯನ್ನು ಕಟ್ಟೀಮನಿಯವರ ಕಣ್ಣಿಗೆ ಒಪ್ಪಿಸಿದರೆ ನಾನು ಹೇಳುವ ಕಾದಂಬರಿ ಹುಟ್ಟುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳುತ್ತೇನೆ. ದೇಸಾಯಿ ಎಂದೊಡನೆ ರಕ್ತ ಹೀರುವವನು ಎಂದು ಬರೆದುಬಿಡುವುದು ಸೋಮಾರಿತನ. ಇದೇ ಬೆಳಗಾವಿ ಜಿಲ್ಲೆಯ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದಿಟ್ಟು ಹೋದರು. ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿಯವರ ಹೆಸರು ಬೆಳಗಾವಿಯ ಕಾಲೇಜಿನ ಮೇಲೆಯೂ ಇದೆ, ಹಿಡಕಲ್ ಅಣೆಕಟ್ಟಿನ ಮೇಲೆಯೂ ಇದೆ. ಅದೇ ಜಿಲ್ಲೆಯಲ್ಲಿ ಬೇರೆ ಥರದ ವಾಡೆಗಳೂ ಇದ್ದವು. ಎರಡನ್ನೂ ಬಲ್ಲವನು ಮಾತ್ರ ಒಬ್ಬ ದೇಸಾಯಿಯನ್ನು ನಂಬುವ ಹಾಗೆ ಬರೆದಾನು.

ಹೀಗೊಂದು ಊಹೆ ಮಾಡಿ. ಮುನ್ನೂರು ವರ್ಷದಿಂದ ಬದುಕಿರುವ ಒಬ್ಬ ದೇಸಾಯಿ ಹುಕ್ಕೇರಿ ಕಡೆಯ ಒಂದು ವಾಡೆಯಲ್ಲಿದ್ದಾನೆ. ರಕ್ತ ಹೇಗೋ ಸಿಕ್ಕೀತು, ಅವನ ಮೊದಲ ತೊಂದರೆ ಉತಾರದ್ದು, ಅಂದರೆ ಹೊಲದ ಪಹಣಿಯದ್ದು. 1974ರ ಭೂಸುಧಾರಣೆಯಲ್ಲಿ ಉಳುವವರು ಏಳನೇ ನಮೂನೆ ತುಂಬಿ ಕೊಟ್ಟರು, ಭೂನ್ಯಾಯ ಮಂಡಳಿಯ ಮುಂದೆ ಅವನೂ ಬಂದು ನಿಲ್ಲಬೇಕಾಯಿತು, ಹಗಲಿನಲ್ಲೇ. ಸ್ಟೋಕರನ ಕಾನೂನಿನಲ್ಲಿ ಇದಕ್ಕೆ ಅವಕಾಶವಿದೆ, ಜರ್ಮನ್ ಸಿನಿಮಾದ ಕಾನೂನಿನಲ್ಲಿ ಇಲ್ಲ. ಯಾವುದನ್ನು ಹಿಡಿಯಬೇಕೆಂದು ಲೇಖಕ ಮೊದಲೇ ತೀರ್ಮಾನ ಮಾಡಬೇಕು, ನಡುವೆ ಬದಲಿಸುವಂತಿಲ್ಲ. ಉಳಿದ ಹೊಲವನ್ನು ಕಾಪಾಡಿಕೊಳ್ಳಲು ಅವನು ಐವತ್ತು ಅರವತ್ತು ವರ್ಷಕ್ಕೊಮ್ಮೆ ಸಾಯಬೇಕು, ಸತ್ತು ತನಗೆ ತಾನೇ ಮಗನಾಗಿ ವಾರಸಾ ಹಚ್ಚಬೇಕು. ವಾರಸಾಕ್ಕೆ ಮರಣದ ದಾಖಲೆ ಬೇಕು. ಸಾಯಲಾರದವನು ತನ್ನದೇ ಮರಣದ ದಾಖಲೆಗೆ ಸಾಲಿನಲ್ಲಿ ನಿಲ್ಲುವ ದೃಶ್ಯ ಇಂಗ್ಲೆಂಡಿನವರಿಗೆ ಹೊಳೆಯಲಿಲ್ಲ, ನಮ್ಮವರಿಗೆ ಹೊಳೆಯಬೇಕಿತ್ತು. ಕುಲಕರ್ಣಿಯ ಕೈಬರಹದ ದಫ್ತರ ಇದ್ದ ಕಾಲದಲ್ಲಿ ಇದೆಲ್ಲ ಹೇಗೋ ನಡೆದೀತು. 2000ದ ಆಚೀಚೆ 'ಭೂಮಿ' ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿತು. ಮೇಲೆ ಆಧಾರ್, ಬೆರಳಚ್ಚು. ಕೂಲಿ ಮಾಡಿ ಮಾಡಿ ಬೆರಳಿನ ಗೆರೆ ಸವೆದ ಅಜ್ಜಿ ರೇಷನ್ ಅಂಗಡಿಯ ಯಂತ್ರದ ಮುಂದೆ ಹೆಬ್ಬೆಟ್ಟು ಒರೆಸಿ ಒರೆಸಿ ಇಡುವುದನ್ನು ನೀವೆಲ್ಲ ನೋಡಿದ್ದೀರಿ. ಅವಳ ಹಿಂದೆ ಸಾಲಿನಲ್ಲಿ ಮುನ್ನೂರು ವರ್ಷದ ದೇಸಾಯಿಯನ್ನು ನಿಲ್ಲಿಸಿ. ಇಬ್ಬರ ಬೆರಳೂ ಒಂದೇ ಕಾರಣಕ್ಕೆ ಸವೆದಿಲ್ಲ, ಯಂತ್ರಕ್ಕೆ ಮಾತ್ರ ಇಬ್ಬರೂ ಒಂದೇ.

ಸಮಾಧಿಯ ಪ್ರಶ್ನೆಯೂ ಇದೆ. ಯುರೋಪಿನ ರಕ್ತಪಿಶಾಚಿ ಹುಟ್ಟಿದ್ದು ಹೂಳುವವರ ನಾಡಿನಲ್ಲಿ. 18ನೇ ಶತಮಾನದಲ್ಲಿ ಸರ್ಬಿಯಾದ ಹಳ್ಳಿಗಳಲ್ಲಿ ಜನ ಸಾಲಾಗಿ ಸತ್ತಾಗ ಗೋರಿ ಅಗೆದು ನೋಡಿದರು. ಹೆಣ ಉಬ್ಬಿತ್ತು, ಬಾಯಿಯ ಬಳಿ ರಕ್ತವಿತ್ತು, ಉಗುರು ಬೆಳೆದಂತೆ ಕಾಣುತ್ತಿತ್ತು. 1732ರಲ್ಲಿ ಆಸ್ಟ್ರಿಯಾದ ಸೇನೆಯ ವೈದ್ಯನೊಬ್ಬ ಅದನ್ನೆಲ್ಲ ವರದಿ ಬರೆದ, ಯುರೋಪ್ ತುಂಬ ಗುಲ್ಲಾಯಿತು. ಅದೆಲ್ಲ ಹೆಣ ಕೊಳೆಯುವ ರೀತಿ ಅಷ್ಟೆ: ಒಳಗೆ ಅನಿಲ ತುಂಬಿದ ಹೆಣ ಉಬ್ಬುತ್ತದೆ, ಶ್ವಾಸಕೋಶದ ಕೊಳೆತ ದ್ರವ ಬಾಯಿಗೆ ಬರುತ್ತದೆ, ಚರ್ಮ ಒಣಗಿ ಹಿಂದೆ ಸರಿದಾಗ ಉಗುರು ಉದ್ದ ಕಾಣುತ್ತದೆ. 1755ರಲ್ಲಿ ಮಹಾರಾಣಿ ಮಾರಿಯಾ ಥೆರೇಸಾ ತನ್ನ ವೈದ್ಯ ವಾನ್ ಸ್ವೀಟನ್‌ನ ಸಲಹೆಯಂತೆ ಗೋರಿ ಅಗೆಯುವುದನ್ನು ನಿಲ್ಲಿಸಿದಳು. ಅಮೆರಿಕದ ರೋಡ್ ಐಲಂಡಿನಲ್ಲಿ 1892ರಷ್ಟು ಈಚೆಗೂ, ಕ್ಷಯದಿಂದ ಸತ್ತ 19 ವರ್ಷದ ಮರ್ಸಿ ಬ್ರೌನ್‌ಳ ಹೃದಯ ಸುಟ್ಟು ಬೂದಿಯನ್ನು ಅವಳ ಅಣ್ಣನಿಗೆ ಕುಡಿಸಿದರು. ಅವನೂ ಕ್ಷಯದಿಂದಲೇ ಸತ್ತ.

ಸುಡುವವರಲ್ಲಿ ಇಂಥ ಭಯಕ್ಕೆ ದೇಹವೇ ಉಳಿಯುವುದಿಲ್ಲ. ಹೂಳುವ ಲಿಂಗಾಯತರಲ್ಲಿ ದೇಹ ಉಳಿಯುತ್ತದೆ, ಆದರೆ ಅಲ್ಲಿಯ ತತ್ತ್ವ ಸತ್ತವನನ್ನು ಪ್ರೇತ ಎನ್ನುವುದಿಲ್ಲ, ಲಿಂಗೈಕ್ಯ ಎನ್ನುತ್ತದೆ. ಸೂತಕವನ್ನೇ ಒಪ್ಪದ ಧರ್ಮದಲ್ಲಿ ಪಿಶಾಚಿಗೆ ಜಾಗ ಎಲ್ಲಿ? ತತ್ತ್ವ ಹಾಗೆ, ಅಮವಾಸಿಯ ರಾತ್ರಿ ಹೊಲದ ಸಮಾಧಿಯ ಮಗ್ಗುಲಿಂದ ಹಾಯುವವನ ಎದೆ ಹೀಗೆ. ಈ ಬಿರುಕಿನಲ್ಲಿ ಒಬ್ಬ ಕಾದಂಬರಿಕಾರ ಸುಖವಾಗಿ ಬಿಡಾರ ಹೂಡಬಹುದು.

ಎಲ್ಲಕ್ಕಿಂತ ನನಗೆ ಖುಷಿ ಕೊಡುವುದು ನೀರಿನ ನಿಯಮ. ಸ್ಟೋಕರನ ಪಿಶಾಚಿ ಹರಿಯುವ ನೀರನ್ನು ತನ್ನಷ್ಟಕ್ಕೆ ದಾಟಲಾರದು, ಉಬ್ಬರ ಇಳಿತದ ಸರಿಯಾದ ಹೊತ್ತು ಕಾಯಬೇಕು. ಅದನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಿಗೆ ತಂದು ಬಿಡಿ. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ, ಧೂಪದಾಳದ ಒಡ್ಡು, ಹಿಡಕಲ್ ಡ್ಯಾಮು, ಎಡದಂಡೆ ಕಾಲುವೆ, ಬಲದಂಡೆ ಕಾಲುವೆ, ವಿತರಣಾ ಕಾಲುವೆ, ಹೊಲಗಾಲುವೆ. ಪಾಪ, ಆ ಪಿಶಾಚಿ ಒಂದು ಕಬ್ಬಿನ ಪ್ಲಾಟಿನಿಂದ ಇನ್ನೊಂದಕ್ಕೆ ಹೋಗಲಾರದೆ ಸಾಯಬೇಕು! ಆದರೆ ಕಾಲುವೆಗೆ ನೀರು ಬಿಡುವುದು ಸರತಿಯ ಮೇಲೆ. ನೀರು ನಿಂತ ದಿನ ಅದಕ್ಕೆ ದಾರಿ ತೆರೆಯುತ್ತದೆ. ಆಗ ಕಾದಂಬರಿಯ ಪಂಚಾಂಗ ನೀರಾವರಿ ಇಲಾಖೆಯ ವೇಳಾಪಟ್ಟಿಯೇ ಆಗುತ್ತದೆ. ಕೊನೆ ಭಾಗದ ರೈತರು ಕಾಲುವೆಗೆ ನೀರು ಬಿಡಿರೆಂದು ಧರಣಿ ಕೂಡುತ್ತಾರೆ, ನೀರು ಬಾರದಿರಲಿ ಎಂದು ಬಯಸುವವನು ಒಬ್ಬನೇ ಇದ್ದಾನೆ, ಅವನು ಕೂಡ ಧರಣಿಗೆ ಬಂದು ಕುಳಿತಿದ್ದಾನೆ. 2019ರ ಆಗಸ್ಟಿನಲ್ಲಿ ಗೋಕಾಕ ಪೇಟೆಯೊಳಗೆ ಹೊಕ್ಕ ಪ್ರವಾಹ ಅವನಿಗೆ ಏನು ಮಾಡಿತು? ಇದಕ್ಕೆ ಉತ್ತರ ಬರೆಯಲು ಕೂತರೆ ಅಧ್ಯಾಯವೊಂದು ತಾನೇ ಬರುತ್ತದೆ.

ಇನ್ನು ರಾತ್ರಿಯ ಮಾತು, ಅದರ ಜೊತೆಗೆ ಕರೆಂಟಿನ ಮಾತು. ಗೋಕಾಕ ಫಾಲ್ಸಿನ ನೀರಿನಿಂದ ವಿದ್ಯುತ್ ತೆಗೆದದ್ದು 1887ರಲ್ಲಿ, ಡ್ರಾಕುಲಾ ಅಚ್ಚಾಗುವುದಕ್ಕೆ 10 ವರ್ಷ ಮೊದಲು. ಗಿರಣಿಯ ಭೋಂಗಾ, ರಾತ್ರಿ ಪಾಳಿ ನಮಗೆ ಹೊಸದಲ್ಲ. ಹುಕ್ಕೇರಿಯಲ್ಲಿ ವಿದ್ಯುತ್ತಿಗೇ ಒಂದು ಸಹಕಾರ ಸಂಘವಿದೆ, 1969ರಿಂದ. ಇಷ್ಟಿದ್ದೂ ಪಂಪಸೆಟ್ಟಿಗೆ ತ್ರೀಫೇಸ್ ಕರೆಂಟು ಎಷ್ಟೋ ಸಲ ಬರುವುದು ರಾತ್ರಿಯೇ. ರೈತ ಎರಡು ಗಂಟೆಗೆ ಎದ್ದು, ಬ್ಯಾಟರಿ ಹಿಡಿದು, ಆಳೆತ್ತರ ಮೀರಿದ ಕಬ್ಬಿನೊಳಗೆ ನೀರು ಹಾಯಿಸಲು ಹೋಗುತ್ತಾನೆ. ಹಾವು, ಹಂದಿ, ಹಸಿ ಮಣ್ಣಿನಲ್ಲಿ ಬಿದ್ದ ಕರೆಂಟಿನ ವಾಯರು. ಹೆದರಿಕೆಯ ದೃಶ್ಯಕ್ಕೆ ಇಲ್ಲಿ ದೆವ್ವ ಬೇಕೇ ಎಂದು ನೀವು ಕೇಳಬಹುದು. ಬೇಕಾಗಿಯೇ ಇಲ್ಲ. ಆ ಮನುಷ್ಯ ಹೇಗೂ ಹೆದರಿದ್ದಾನೆ ಎಂದು ಮೊದಲು ಒಪ್ಪಿಕೊಂಡ ಮೇಲೆಯೇ ದೆವ್ವವನ್ನು ತರಬೇಕು.

ಹಂಗಾಮಿನಲ್ಲಿ ಕಬ್ಬು ಕಡಿಯಲು ಬರುವ ಗ್ಯಾಂಗುಗಳ ಮಾತೂ ಹಾಗೆಯೇ. ಮುಂಗಡ ಹಣ ತಗೊಂಡು ಬಂದವರು, ಗುಡಿಸಲು ಹಾಕಿಕೊಂಡು ಇರುವವರು. ನೆರೆಯ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಗರ್ಭಕೋಶವನ್ನೇ ತೆಗೆಸಿಕೊಂಡಿದ್ದಾರೆ ಎಂಬ ಸುದ್ದಿ 2019ರಲ್ಲಿ ದೇಶವೆಲ್ಲ ಹರಡಿತು, ಅಲ್ಲಿಯ ಸರಕಾರ ತನಿಖಾ ಸಮಿತಿ ಮಾಡಬೇಕಾಯಿತು. ಮುಟ್ಟಿನ ದಿನ ರಜೆ ಹಾಕಿದರೆ ದಂಡ ಎಂಬ ಕಾರಣಕ್ಕೆ ಒಂದು ಅಂಗವನ್ನೇ ಕಳೆದುಕೊಂಡವರ ಮುಂದೆ ಕೋರೆಹಲ್ಲಿನ ಕೌಂಟ್ ಮಗುವಿನ ಆಟದಂತೆ ಕಾಣುತ್ತಾನೆ. ಇದನ್ನು ಬಿಟ್ಟು ಬರೆದ ರಕ್ತದ ಕಾದಂಬರಿ ಈ ನೆಲದ್ದಾಗಲಾರದು.

ಇನ್ನು ನಮ್ಮ ದೇಸಾಯಿ ಕುಡಿಯುವ ರಕ್ತ. ಹಣ ಕೊಟ್ಟು ರಕ್ತ ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು, 1998ರ ಜನವರಿಯಿಂದ ಅದು ಜಾರಿಗೆ ಬಂತು. ಒಂದು ಚೀಲ ಎಂದರೆ ಸಾಮಾನ್ಯವಾಗಿ 350 ಮಿಲಿ. 2ರಿಂದ 6 ಡಿಗ್ರಿಯಲ್ಲಿ ಇಡಬೇಕು, ಸಾಮಾನ್ಯ ಚೀಲದಲ್ಲಿ 35 ದಿನ ತಾಳುತ್ತದೆ. ರಕ್ತದಿಂದ ಹೊಟ್ಟೆ ತುಂಬುವುದೂ ಸುಲಭವಲ್ಲ. ಜಗತ್ತಿನಲ್ಲಿ ರಕ್ತ ಕುಡಿದೇ ಬದುಕುವ ಬಾವಲಿಗಳು ಮೂರೇ ಜಾತಿ, ಮೂರೂ ಅಮೆರಿಕ ಖಂಡಗಳಲ್ಲಿ. ರಕ್ತದಲ್ಲಿ ಹೆಚ್ಚಿನದು ನೀರು, ಕೊಬ್ಬು ತೀರ ಕಡಿಮೆ. ಎರಡು ಮೂರು ರಾತ್ರಿ ಉಪವಾಸ ಬಿದ್ದರೆ ಆ ಬಾವಲಿ ಸಾಯುತ್ತದೆ. ಅದಕ್ಕೇ ಹೊಟ್ಟೆ ತುಂಬಿದ್ದು ಹಸಿದದ್ದಕ್ಕೆ ಕುಡಿದ ರಕ್ತವನ್ನು ಕಕ್ಕಿ ಕೊಡುತ್ತದೆ. ನಮ್ಮ ಪಾಳು ವಾಡೆಗಳಲ್ಲಿ ಜೋತುಬಿದ್ದವು ಹುಳು, ಹಣ್ಣು, ಕಪ್ಪೆ ತಿನ್ನುವ ಬಡಪಾಯಿಗಳು. ನಮ್ಮ ಜಿಲ್ಲೆಯ ಖಾನಾಪುರ ತಾಲೂಕಿನ ಬಾರಾಪೇಡೆ ಗುಹೆಯಲ್ಲಿ ಜಗತ್ತಿಗೇ ಅಪರೂಪದ ಒಂದು ಬಾವಲಿ ಇದೆ, ಅದೂ ಹುಳು ಹಿಡಿಯುವಂಥದ್ದೇ. ದಯವಿಟ್ಟು ಕಾದಂಬರಿಯಲ್ಲಿ ಅವುಗಳ ಮೇಲೆ ಅಪವಾದ ಹಾಕಬೇಡಿ.

ಅಪವಾದದ ಮಾತಿಗೇ ಬರಬೇಕಿತ್ತು. ವಾಸ್ತವದ ಊರಿನಲ್ಲಿ ಪಿಶಾಚಿಯನ್ನು ಕೂರಿಸುವಾಗ ಅದು ಯಾರ ಮೈಮೇಲೆ ಕೂರುತ್ತದೆ ಎಂಬುದು ದೊಡ್ಡ ಪ್ರಶ್ನೆ. ಊರಿನ ಭಯ ತಾನೇ ತಾನಾಗಿ ಹೋಗಿ ನಿಲ್ಲುವುದು ಒಂಟಿ ಮುದುಕಿ, ವಿಧವೆ, ಕೆಳಗೇರಿಯವನು, ಪರಊರಿನ ಕೂಲಿಯವಳ ಹೆಸರಿನ ಮೇಲೆ. ಅದರಿಂದ ನಿಜವಾದ ಜೀವಗಳು ಹೋಗಿವೆ. ಅದಕ್ಕೇ ನಮ್ಮ ರಾಜ್ಯ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ ಕಾನೂನು ಮಾಡಿತು, 2020ರಲ್ಲಿ ಜಾರಿಗೆ ತಂದಿತು. 2014ರ ಡಿಸೆಂಬರ್ 6ರಂದು, ಅಂಬೇಡ್ಕರರ ಪರಿನಿರ್ವಾಣದ ದಿನ, ಆಗ ಸಚಿವರಾಗಿದ್ದ ಗೋಕಾಕದ ಸತೀಶ ಜಾರಕಿಹೊಳಿಯವರು ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಉಂಡು, ಅಲ್ಲಿಯೇ ರಾತ್ರಿ ಕಳೆದದ್ದು ನಿಮಗೆ ಗೊತ್ತು. ಮುಂದಿನ ವರ್ಷಗಳಲ್ಲೂ ಆ ಕಾರ್ಯಕ್ರಮ ನಡೆಯಿತು. ರಾಜಕೀಯವಾಗಿ ಯಾರು ಏನೇ ಅನ್ನಲಿ, ಕಾದಂಬರಿಕಾರನಿಗೆ ಅದೊಂದು ಸಿದ್ಧ ದೃಶ್ಯ: ಸ್ಮಶಾನದಲ್ಲಿ ಶಾಮಿಯಾನ, ಮೈಕು, ಊಟದ ಪಂಗತಿ, ದೆವ್ವ ಇಲ್ಲ ಎಂಬ ಭಾಷಣ, ಜನರ ನಡುವೆ ಚಪ್ಪಾಳೆ ತಟ್ಟುತ್ತ ನಮ್ಮ ದೇಸಾಯಿ! ದೆವ್ವ ಇಲ್ಲವೆಂದು ಎಲ್ಲರಿಗಿಂತ ಜೋರಾಗಿ ಒಪ್ಪುವವನು ಅವನೇ ಇರಬೇಕು. ಜನ ಸ್ಮಶಾನದ ಕಡೆ ನೋಡುತ್ತಿರುವಷ್ಟು ಕಾಲ ವಾಡೆಯ ಕಡೆ, ಸಾಲದ ಬಾಂಡಿನ ಕಡೆ ನೋಡುವುದಿಲ್ಲ ಎಂದು ಅವನಿಗೆ ಗೊತ್ತು.

ಹಾಗಾಗಿ ನನ್ನ ತೀರ್ಪು ಇದು. ನಮ್ಮ ಪಿಶಾಚಿಗೆ ಕಾಗದ ಪತ್ರ ಇರಬೇಕು, ಗೌರವ ಇರಬೇಕು, ಊರಿನವರೇ ಅವನನ್ನು ಒಳಗೆ ಕರೆದಿರಬೇಕು. ಓಣಿಯ ಮುದುಕಿಯನ್ನು ಪಿಶಾಚಿ ಮಾಡಿ ಬರೆದ ಪುಸ್ತಕ ಎಷ್ಟೇ ಚೆನ್ನಾಗಿ ಹೆದರಿಸಿದರೂ ಅದು ಕೆಟ್ಟ ಪುಸ್ತಕ.

ಇಲ್ಲಿ ಕುಳಿತ ಹುಡುಗ ಹುಡುಗಿಯರಲ್ಲಿ ಒಂದು ವಿನಂತಿ. ಇಂಥದ್ದೊಂದು ಬರೆಯುವ ಮನಸ್ಸಿದ್ದರೆ ಮೊದಲು ಪರದೇಶದ ಸಿನಿಮಾ ನೋಡಲು ಹೋಗಬೇಡಿ. ನಿಮ್ಮ ಮನೆಯ ಟ್ರಂಕಿನಲ್ಲಿರುವ ಹಳೆಯ ಉತಾರ ತೆಗೆದು ಓದಿ, ಎಷ್ಟು ಸಲ ಯಾರ ಹೆಸರು ಕಡಿಮೆಯಾಗಿ ಯಾರ ಹೆಸರು ಸೇರಿತು ನೋಡಿ. ಅಪ್ಪನ ಜೊತೆ ಒಂದು ರಾತ್ರಿ ನೀರು ಹಾಯಿಸಲು ಹೋಗಿ. ಕಂಬಾರರನ್ನೂ ಕಟ್ಟೀಮನಿಯವರನ್ನೂ ಮಗ್ಗುಲಿಗೆ ಇಟ್ಟುಕೊಳ್ಳಿ. ಒಂದು ಅಧ್ಯಾಯವಾದರೂ ಬರೆದು ನಿಮ್ಮ ಕನ್ನಡ ಮೇಷ್ಟ್ರಿಗೆ ತೋರಿಸಿ. ಮೇಷ್ಟ್ರುಗಳೆ, ಅದನ್ನು "ಇದೇನು ದೆವ್ವದ ಕತಿ" ಎಂದು ತಿರುಗಿ ಕೊಡಬೇಡಿ, ಊರು ಖರೆ ಇದೆಯೋ ಇಲ್ಲವೋ ಅಷ್ಟನ್ನು ತಿದ್ದಿ ಕೊಡಿ.